ಒಳಗಿನಿಂದ ತೆಗೆಯದ ಲಾರಿ ಬಾಗಿಲು: ಲಾಕ್ ಬದಲಿಸುವ ಮುಂಚೆ ಒಂದು ರಾಡ್ ಬಿಡಿಸಿ ನೋಡಿ

ಪ್ರಶ್ನೆ: ನಮ್ಮದು 1999ರ ಮಾಡೆಲ್ ಆರು ಚಕ್ರದ ಲಾರಿ. ಬ್ಯಾಡಗಿ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಹೊಡೆಯುತ್ತೇವೆ, ಸೀಸನ್ ಇಲ್ಲದಾಗ ಗೋವಿನಜೋಳ. ಮೂರು ತಿಂಗಳಿಂದ ಡ್ರೈವರ್ ಕಡೆಯ ಬಾಗಿಲು ಒಳಗಿನಿಂದ ತೆಗೆಯೋಕೆ ಬರುತ್ತಿಲ್ಲ. ಹೊರಗಿನ ಹ್ಯಾಂಡಲ್ ಚೆನ್ನಾಗಿದೆ. ನನ್ನ ತಮ್ಮ ಗಾಜು ಇಳಿಸಿ, ಕೈ ಹೊರಗೆ ಹಾಕಿ ತೆಗೆಯುತ್ತಾನೆ. ಸ್ಪ್ರೇ ಹೊಡೆದೆವು, ಎರಡು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಲಾಕ್ ಸೆಟ್ ಪೂರ್ತಿ ಬದಲಿಸಬೇಕು ಅಂತ ಮಿಸ್ತ್ರಿ ಹೇಳುತ್ತಾರೆ. ನಾವೇ ರಿಪೇರಿ ಮಾಡ್ಕೋಬಹುದಾ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮಾಡ್ಕೋಬಹುದು. ಮೊದಲ ಸಲ ಆದ್ದರಿಂದ ಅರ್ಧ ದಿನ ಇಟ್ಟುಕೊಳ್ಳಿ. ಕೈ ಕೂತ ಮೇಲೆ ಒಂದು ಗಂಟೆಯ ಕೆಲಸ. ಲಾಕ್ ಸೆಟ್ ಬದಲಿಸುವ ಮಾತು ಈಗಲೇ ಬೇಡ. ಯಾಕೆ ಬೇಡ ಅನ್ನೋದು ನಿಮ್ಮ ಪ್ರಶ್ನೆಯೊಳಗೇ ಇದೆ, ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಮೂರು ತಿಂಗಳು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಸಮಾಧಾನ ಆಗಲಿಲ್ಲ. ಬಹಳ ವರ್ಷಗಳ ಹಿಂದೆ, ನಾನು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಅರಬೈಲ್ ಘಾಟಿನಲ್ಲಿ ಲಾರಿಯೊಂದು ಚರಂಡಿಗೆ ಇಳಿದಿದೆ ಅಂತ ಸುದ್ದಿ ಬಂತು. ಹಿರಿಯ ಮಿಸ್ತ್ರಿ ಜೊತೆ ನಾನೂ ಹೋದೆ. ಗಾಡಿ ಗುಡ್ಡದ ಕಡೆ ವಾಲಿ ನಿಂತಿತ್ತು. ಕ್ಲೀನರ್ ಕಡೆಯ ಬಾಗಿಲು ಮಣ್ಣಿಗೆ ಒತ್ತಿಕೊಂಡಿತ್ತು, ಆ ಕಡೆಯಿಂದ ಇಳಿಯುವ ಹಾಗೇ ಇಲ್ಲ. ಡ್ರೈವರ್ ಕಡೆ ಒಳಗಿನ ಹ್ಯಾಂಡಲ್ ಕೆಟ್ಟು ಎಷ್ಟೋ ವಾರ ಆಗಿತ್ತಂತೆ. ಅವರೂ ನಿಮ್ಮ ತಮ್ಮನ ಹಾಗೇ ಗಾಜು ಇಳಿಸಿ ಕೈ ಹಾಕಿ ತೆಗೆಯುತ್ತಿದ್ದರು. ಆದರೆ ಗಾಡಿ ಬಡಿದಾಗ ಬಾಗಿಲಿನ ಚೌಕಟ್ಟು ಸ್ವಲ್ಪ ತಿರುಚಿಕೊಂಡು ಗಾಜು ಕಚ್ಚಿಬಿಟ್ಟಿತ್ತು, ಗಾಜು ಏರಿಸಿ ಇಳಿಸುವ ವೈಂಡರ್ ತಿರುಗುತ್ತಲೇ ಇಲ್ಲ. ಕೆಳಗೆ ಡೀಸೆಲ್ ಸೋರುವ ವಾಸನೆ. ಹಿಂದೆ ಬರುತ್ತಿದ್ದ ಲಾರಿಯವರು ಮೇಲೆ ಹತ್ತಿ ಹೊರಗಿನಿಂದ ಬಾಗಿಲು ತೆಗೆದು ಇಬ್ಬರನ್ನೂ ಇಳಿಸಿದ್ದರು. ನಾವು ಹೋದಾಗ ಡ್ರೈವರ್ ರಸ್ತೆ ಪಕ್ಕದಲ್ಲಿ ಕೂತು ತನ್ನ ಬಲಗೈ ಬೆರಳುಗಳನ್ನೇ ನೋಡುತ್ತಿದ್ದರು, ಆ ಹ್ಯಾಂಡಲ್ ಎಳೆದೂ ಎಳೆದೂ ಚರ್ಮ ಸುಲಿದಿತ್ತು. ಅವತ್ತಿನಿಂದ ನನ್ನ ಹತ್ತಿರ ಯಾವ ಕೆಲಸಕ್ಕೆ ಗಾಡಿ ಬಂದರೂ ಎರಡೂ ಬಾಗಿಲನ್ನು ಒಳಗಿನಿಂದ ಒಮ್ಮೆ ತೆಗೆದು ನೋಡಿಯೇ ಬಿಡುತ್ತೇನೆ. ಹಾಗಾಗಿ ಮುಂದಿನ ಟ್ರಿಪ್ಪಿಗೆ ಮೊದಲೇ ಇದನ್ನು ಮುಗಿಸಿ ಅಂತ ಕೇಳಿಕೊಳ್ಳುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೊರಗಿನ ಹ್ಯಾಂಡಲ್ ಚೆನ್ನಾಗಿದೆ ಅಂದಿರಿ. ಬಾಗಿಲಿನ ಅಂಚಿನಲ್ಲಿ ಕಾಣುವ ಲಾಕಿನೊಳಗೆ ಒಂದು ಕೊಕ್ಕೆ ಇರುತ್ತದೆ, ಅದು ಬಾಗಿಲ ಚೌಕಟ್ಟಿನ ಕಂಬದ ಮೇಲಿರುವ ಸ್ಟ್ರೈಕರ್ ಅನ್ನೋ ಗೂಟವನ್ನು ಹಿಡಿದುಕೊಳ್ಳುತ್ತದೆ. ಆ ಕೊಕ್ಕೆ ಬಿಡದ ಹಾಗೆ ಒಂದು ಹಲ್ಲು ತಡೆ ಹಾಕಿಕೊಂಡಿರುತ್ತದೆ. ಒಳಗಿನ ಹ್ಯಾಂಡಲ್ ಎಳೆದರೂ, ಹೊರಗಿನದನ್ನು ಒತ್ತಿದರೂ ಕೊನೆಗೆ ಸರಿಯುವುದು ಅದೇ ಒಂದು ಹಲ್ಲು. ಹೊರಗಿನಿಂದ ಸಲೀಸಾಗಿ ತೆಗೆಯುತ್ತದೆ ಅಂದರೆ ಕೊಕ್ಕೆ, ಹಲ್ಲು, ಅವುಗಳ ಸ್ಪ್ರಿಂಗು ಎಲ್ಲ ಸರಿ ಇವೆ ಅಂತ ಅರ್ಥ. ಕೆಟ್ಟಿರೋದು ಒಳಗಿನ ಹ್ಯಾಂಡಲ್ಲಿನಿಂದ ಆ ಹಲ್ಲಿನ ತನಕ ಇರುವ ದಾರಿ ಮಾತ್ರ. ಆ ದಾರಿಯಲ್ಲಿ ಇರೋದೇ ಮೂರು ನಾಲ್ಕು ಸಾಮಾನು: ಹ್ಯಾಂಡಲ್, ಅದರ ಪಿನ್ನು, ಒಂದು ಉದ್ದನೆಯ ರಾಡ್ ಅಥವಾ ಕೇಬಲ್, ಲಾಕಿನ ಮೈಮೇಲೆ ಇರುವ ಪುಟ್ಟ ಲಿವರ್.

ಎರಡನೇ ಸುಳಿವು ನಿಮ್ಮ ಸ್ಪ್ರೇ. ಸ್ಪ್ರೇ ಹೊಡೆದ ಮೇಲೆ ಎರಡು ದಿನ ಸರಿ ಇತ್ತು. ರಾಡ್ ಮುರಿದಿದ್ದರೆ, ಕ್ಲಿಪ್ ಹೋಗಿದ್ದರೆ ಎಷ್ಟು ಸ್ಪ್ರೇ ಹೊಡೆದರೂ ಒಂದು ಸಲವೂ ತೆಗೆಯುತ್ತಿರಲಿಲ್ಲ, ಅಲ್ವಾ? ಹಾಗಾದರೆ ಹೆಚ್ಚಾಗಿ ಏನೂ ಮುರಿದಿಲ್ಲ. ಏನೋ ಗಟ್ಟಿಯಾಗಿ ಅಂಟಿ ಕೂತಿದೆ. ಸ್ಪ್ರೇ ಅದನ್ನು ಸ್ವಲ್ಪ ಮೆತ್ತಗೆ ಮಾಡಿತು, ಒಣಗಿದ ಮೇಲೆ ಅದು ಮತ್ತೆ ಕಚ್ಚಿಕೊಂಡಿತು.

ಸ್ಪ್ರೇ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಇದೇ ತಪ್ಪು ಎಲ್ಲ ಕಡೆ ನೋಡುತ್ತೇನೆ. ಎಲ್ಲರಿಗೂ ಗೊತ್ತಿರುವ ಡಬ್ಲ್ಯೂಡಿ-40 ಇದೆಯಲ್ಲ, ಅದು 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ಹೆಸರಿನಲ್ಲಿರುವ ಡಬ್ಲ್ಯೂಡಿ ಅಂದರೆ ನೀರನ್ನು ಹೊರಗೆ ತಳ್ಳುವುದು ಅಂತ, 40 ಅಂದರೆ ನಲವತ್ತನೇ ಪ್ರಯತ್ನದಲ್ಲಿ ಕೂಡಿಬಂದದ್ದು ಅಂತ. ತೇವ ತೆಗೆಯೋಕೆ, ಜಂಗು ಹಿಡಿದದ್ದನ್ನು ಸಡಿಲ ಮಾಡೋಕೆ ಬಹಳ ಒಳ್ಳೆಯದು. ಅದರಲ್ಲಿ ಎಣ್ಣೆ ಅಂಶವೂ ಇದೆ, ಆದರೆ ಗ್ರೀಸಿನ ಹಾಗೆ ತಿಂಗಳುಗಟ್ಟಲೆ ಜಾಗದಲ್ಲಿ ನಿಲ್ಲೋದಿಲ್ಲ. ಬೇರೆ ಹೆಸರಿನ ಸ್ಪ್ರೇಗಳದ್ದೂ ಹೆಚ್ಚು ಕಡಿಮೆ ಇದೇ ಕೆಲಸ. ಅದನ್ನು ಹೊಡೆದು, ಕೊಳೆ ಒರೆಸಿ, ಆಮೇಲೆ ಗ್ರೀಸ್ ಹಚ್ಚಬೇಕು. ಸುಮ್ನೆ ಸಂದಿಯಲ್ಲಿ ಪೈಪ್ ತೂರಿಸಿ ಹೊಡೆದು ಬಿಟ್ಟರೆ ಕರಗಿದ ಕೊಳೆ ಇನ್ನೂ ಒಳಗೆ ಹೋಗಿ ಕೂರುತ್ತದೆ.

ನೀವು ಬರೆಯದೇ ಬಿಟ್ಟದ್ದು ಒಂದೇ ವಿಷಯ. ಹ್ಯಾಂಡಲ್ ಎಳೆದಾಗ ಕೈಗೆ ಏನು ಗೊತ್ತಾಗುತ್ತದೆ? ಇವತ್ತೇ ಗಾಡಿಯಲ್ಲಿ ಕೂತು ಕಣ್ಣು ಮುಚ್ಚಿ ನಿಧಾನವಾಗಿ ಎಳೆದು ನೋಡಿ. ಹ್ಯಾಂಡಲ್ ಸಡಿಲವಾಗಿ, ಏನೂ ಭಾರ ಇಲ್ಲದೆ ಬಂದುಬಿಟ್ಟರೆ ಸಂಬಂಧ ಕಡಿದಿದೆ: ಕ್ಲಿಪ್ ಬಿದ್ದಿದೆ, ರಾಡ್ ಕಳಚಿದೆ, ಇಲ್ಲವೇ ಕೇಬಲ್ ಹರಿದಿದೆ. ಕಲ್ಲಿನ ಹಾಗೆ ಗಟ್ಟಿ ಇದ್ದು ಬರೋದೇ ಇಲ್ಲ ಅಂದರೆ ಯಾವುದೋ ಪಿನ್ನು ಅಥವಾ ಲಿವರ್ ಅಂಟಿಕೊಂಡಿದೆ. ನಿಮ್ಮದು ಇದೇ ಇರಬೇಕು ಅಂತ ನನ್ನ ಅಂದಾಜು. ಇನ್ನು ಮೂರನೇ ತರಹದ್ದು ಸ್ವಲ್ಪ ಮೋಸದ್ದು. ಹ್ಯಾಂಡಲ್ ಪೂರ್ತಿ ಬರುತ್ತದೆ, ಭಾರವೂ ಇರುತ್ತದೆ, ಆದರೂ ಬಾಗಿಲು ತೆಗೆಯೋದಿಲ್ಲ. ಆಗ ಬಾಗಿಲನ್ನು ಗಟ್ಟಿಯಾಗಿ ಒಳಕ್ಕೆ ಎಳೆದು ಹಿಡಿದುಕೊಂಡು ಹ್ಯಾಂಡಲ್ ಎಳೆದು ನೋಡಿ. ಇನ್ನೊಬ್ಬರು ಹೊರಗಿನಿಂದ ಒಳಕ್ಕೆ ಒತ್ತಿದರೂ ಆದೀತು. ಆಗ ತೆಗೆದರೆ ತಪ್ಪು ಹ್ಯಾಂಡಲ್ಲಿನದ್ದಲ್ಲ. ಬಾಗಿಲು ಜೋತು ಬಿದ್ದು ಕೊಕ್ಕೆ ಸ್ಟ್ರೈಕರಿನ ಮೇಲೆ ಭಾರ ಹಾಕಿ ಕೂತಿದೆ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಒಳಗಿನ ಲಾಕ್ ಬಟನ್ನನ್ನೂ ಒಮ್ಮೆ ಮೇಲೆ ಕೆಳಗೆ ಆಡಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಬಟನ್ ಅರ್ಧ ಇಳಿದು ನಿಂತರೆ ಒಳಗಿನ ಹ್ಯಾಂಡಲ್ ಕೆಲಸ ಮಾಡೋದಿಲ್ಲ. ಸಣ್ಣ ವಿಷಯ, ಆದರೆ ಇದೊಂದಕ್ಕೇ ಬಾಗಿಲು ಪೂರ್ತಿ ಬಿಚ್ಚಿ ಕೂತವರನ್ನು ನೋಡಿದ್ದೇನೆ.

ಇನ್ನೊಂದು ವಿಷಯ ತಿಳಿದುಕೊಳ್ಳಿ. ಆ ಕಾಲದಲ್ಲಿ ಎಷ್ಟೋ ಲಾರಿಗಳು ಕಂಪನಿಯಿಂದ ಬರೀ ಚಾಸಿ ಮತ್ತು ಮುಂದಿನ ಮುಖ ಅಷ್ಟೇ ಇಟ್ಟುಕೊಂಡು ಬರುತ್ತಿದ್ದವು. ಕ್ಯಾಬಿನ್, ಬಾಗಿಲು ಎಲ್ಲ ಬಾಡಿ ಕಟ್ಟುವವರ ಕೈಕೆಲಸ. ನಿಮ್ಮದು ಹಾಗೆ ಕಟ್ಟಿಸಿದ ಕ್ಯಾಬಿನ್ ಆಗಿದ್ದರೆ ಲಾಕು, ಹ್ಯಾಂಡಲ್ಲು ಮಾರ್ಕೆಟ್ಟಿನಲ್ಲಿ ಆಗ ಸಿಕ್ಕದ್ದು ಹಾಕಿರುತ್ತಾರೆ. ಕಂಪನಿಯ ಪಾರ್ಟ್ ನಂಬರ್ ಹಿಡಿದುಕೊಂಡು ಅಂಗಡಿಗೆ ಹೋದರೆ ಉಪಯೋಗ ಇಲ್ಲ. ಕಂಪನಿಯ ಕ್ಯಾಬಿನ್ ಆಗಿದ್ದರೆ ಸುಲಭ. ಎರಡರಲ್ಲೂ ಒಳಗಿನ ಯಂತ್ರ ಒಂದೇ ತರಹ ಕೆಲಸ ಮಾಡುತ್ತದೆ, ಆದ್ದರಿಂದ ಕೆಳಗೆ ಹೇಳೋದು ಎರಡಕ್ಕೂ ಸಲ್ಲುತ್ತದೆ.

ಈಗ ಬಿಚ್ಚುವ ಕೆಲಸ. ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂ ಡ್ರೈವರ್, 8, 10, 12ರ ಪಾನಾ, ಒಂದು ಪಕ್ಕಡ್, ಟಾರ್ಚು, ಹಳೆ ಹಲ್ಲುಜ್ಜುವ ಬ್ರಷ್ಷು, ಒಂದಿಷ್ಟು ಡೀಸೆಲ್, ಬಿಳಿ ಲಿಥಿಯಂ ಗ್ರೀಸು, ಚಿಂದಿ ಬಟ್ಟೆ. ಸ್ಕ್ರೂ ಹಾಕೋಕೆ ಒಂದು ತಟ್ಟೆ. ನಿಮ್ಮ ಗಾಡಿಗೆ ಇನ್ನೆರಡು ಸಾಮಾನು ತಪ್ಪದೇ ಬೇಕು: ಮೂಗು ಬಾಯಿಗೆ ಒದ್ದೆ ಬಟ್ಟೆ ಅಥವಾ ಮಾಸ್ಕು, ಕಣ್ಣಿಗೆ ಕನ್ನಡಕ. ಮೆಣಸಿನಕಾಯಿ ಹೊಡೆದ ಗಾಡಿಯ ಬಾಗಿಲಿನೊಳಗೆ ವರ್ಷಗಟ್ಟಲೆ ಖಾರದ ಧೂಳು ಇಳಿದಿರುತ್ತದೆ. ಬಾಗಿಲಿಗೆ ಒಳಗಡೆಯಿಂದ ಮುಚ್ಚಿರುವ ಪ್ಯಾನೆಲ್ ಕಿತ್ತ ಕೂಡಲೇ ಅದು ಮುಖಕ್ಕೆ ಬರುತ್ತದೆ. ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ಕಂಪ್ರೆಸರ್ ಗಾಳಿ ಹೊಡೆಯುವ ಆಸೆ ಬೇಡ, ಗ್ಯಾರೇಜಿನಲ್ಲಿರುವ ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಬೇಕಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಗಾಜು ಪೂರ್ತಿ ಮೇಲೆ ಎತ್ತಿ. ಬಾಗಿಲು ಹೊರಗಿನಿಂದ ತೆಗೆದು, ಗಾಳಿಗೆ ಆಡದ ಹಾಗೆ ಏನಾದರೂ ಆನಿಸಿ ಇಡಿ. ವೈಂಡರ್ ಹಿಡಿಕೆ ಮೊದಲು ಬಿಚ್ಚಬೇಕು. ಕೆಲವಕ್ಕೆ ನಡುವೆ ಸ್ಕ್ರೂ ಇರುತ್ತದೆ, ಕೆಲವಕ್ಕೆ ಅಡ್ಡ ಪಿನ್ನು. ಏನೂ ಕಾಣದಿದ್ದರೆ ಹಿಡಿಕೆಯ ಹಿಂದೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಹಿಡಿಕೆಗೂ ಪ್ಯಾನೆಲ್ಲಿಗೂ ನಡುವೆ ಒಂದು ಬಟ್ಟೆ ತೂರಿಸಿ, ಎರಡೂ ತುದಿ ಹಿಡಿದು ಬೂಟು ಪಾಲಿಶ್ ಮಾಡುವ ಹಾಗೆ ಅತ್ತಿತ್ತ ಎಳೆಯಿರಿ. ಬಟ್ಟೆಯ ಎಳೆ ಕ್ಲಿಪ್ಪಿಗೆ ಸಿಕ್ಕಿ ಅದು ಟಪ್ ಅಂತ ಹಾರುತ್ತದೆ. ಎಲ್ಲಿ ಬಿತ್ತು ನೋಡಿಕೊಳ್ಳಿ, ಮತ್ತೆ ಬೇಕು. ಆಮೇಲೆ ಕೈಯಿಡುವ ಹಿಡಿ, ಹ್ಯಾಂಡಲ್ ಸುತ್ತಲಿನ ತಟ್ಟೆ, ಲಾಕ್ ಬಟನ್ ತಿರುಗಿಸಿ ತೆಗೆಯಿರಿ. ಪ್ಯಾನೆಲ್ ಬರೀ ಸ್ಕ್ರೂ ಮೇಲೆ ನಿಂತಿದ್ದರೆ ಸಲೀಸು. ಒತ್ತು ಕ್ಲಿಪ್ ಇದ್ದರೆ ಚಪ್ಪಟೆ ಕಟ್ಟಿಗೆ ಚಕ್ಕೆಯಿಂದ ಒಂದೊಂದೇ ಕ್ಲಿಪ್ಪಿನ ಬುಡದಲ್ಲಿ ಎಬ್ಬಿಸಿ. ಹಳೆ ಹಾರ್ಡ್‌ಬೋರ್ಡ್ ಮಳೆ ನೀರು ಕುಡಿದು ಮೆತ್ತಗಾಗಿರುತ್ತದೆ, ಅವಸರ ಮಾಡಿದರೆ ಕ್ಲಿಪ್ ಜಾಗದಲ್ಲೇ ಕಿತ್ತು ಬರುತ್ತದೆ.

ಒಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಹರಿಯದೆ ನಿಧಾನವಾಗಿ ಬಿಡಿಸಿ. ಅದು ಬೇಡದ ಹಾಳೆ ಅಂತ ಬಹಳ ಜನ ಎಸೆದುಬಿಡುತ್ತಾರೆ. ಗಾಜಿನ ಸಂದಿಯಿಂದ ಇಳಿಯುವ ನೀರು ಪ್ಯಾನೆಲ್ಲಿಗೆ ತಾಗದ ಹಾಗೆ ತಡೆಯೋದು ಅದೇ ಹಾಳೆ. ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಹೊಸದು ಹಾಕಿ. ಬಾಗಿಲಿನ ತಗಡಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ. ಕೈ ಒಳಗೆ ಹಾಕುವ ಮೊದಲು ಅಂಚಿಗೆ ಟೇಪ್ ಸುತ್ತಿ.

ಇಲ್ಲಿಂದ ಮುಂದೆ ನಿಜವಾದ ಪರೀಕ್ಷೆ. ಬಾಗಿಲು ತೆಗೆದೇ ಇರುವಾಗ ಸ್ಕ್ರೂ ಡ್ರೈವರ್ ತುದಿಯಿಂದ ಲಾಕಿನ ಕೊಕ್ಕೆಯನ್ನು ಒಳಕ್ಕೆ ತಳ್ಳಿ. ಟಕ್, ಟಕ್ ಅಂತ ಎರಡು ಸದ್ದು ಬರಬೇಕು, ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ. ಈಗ ಒಳಗಿನ ಹ್ಯಾಂಡಲ್ ಎಳೆದು, ಟಾರ್ಚ್ ಹಿಡಿದು ಏನೇನು ಅಲ್ಲಾಡುತ್ತದೆ ನೋಡಿ. ಬಿಡದಿದ್ದರೆ ಹೊರಗಿನ ಹ್ಯಾಂಡಲ್ಲಿನಿಂದ ಕೊಕ್ಕೆ ಬಿಡಿಸಿ. ಕೊಕ್ಕೆ ಮುಚ್ಚಿಕೊಂಡಿರುವಾಗ ಮಾತ್ರ ಬಾಗಿಲು ಹಾಕಬೇಡಿ, ಸ್ಟ್ರೈಕರಿಗೆ ಬಡಿದು ಎರಡೂ ಹಾಳಾಗುತ್ತವೆ.

ಆಮೇಲೆ ರಾಡನ್ನು ಹ್ಯಾಂಡಲ್ಲಿನಿಂದ ಬಿಡಿಸಿ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ರಾಡಿನ ತುದಿಯಲ್ಲಿ ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದೊಂದು ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ, ಅದರ ರೆಕ್ಕೆಯನ್ನು ರಾಡಿನಿಂದ ಆಚೆ ತಿರುಗಿಸಿದರೆ ರಾಡ್ ಹೊರಗೆ ಬರುತ್ತದೆ. ಇಪ್ಪತ್ತು ವರ್ಷ ದಾಟಿದ ಪ್ಲಾಸ್ಟಿಕ್ಕು, ಬಿಸಿಲಿಗೆ ಒಣಗಿ ಹಪ್ಪಳ ಆಗಿರುತ್ತದೆ, ತಿರುಗಿಸುವಾಗಲೇ ಮುರಿಯಬಹುದು. ಅದಕ್ಕೇ ಮೊದಲೇ ಎರಡು ಮೂರು ಹೊಸ ಕ್ಲಿಪ್ ತಂದಿಟ್ಟುಕೊಳ್ಳಿ, ಒಂದು ಚಹಾ, ಒಂದು ಪ್ಲೇಟ್ ಮಿರ್ಚಿಯ ದುಡ್ಡು. ರಾಡ್ ಬಿಟ್ಟ ಮೇಲೆ ಹ್ಯಾಂಡಲ್ ಒಂದನ್ನೇ ಆಡಿಸಿ. ಅದು ಗಟ್ಟಿ ಇದ್ದರೆ ಕಾಯಿಲೆ ಹ್ಯಾಂಡಲ್ಲಿನ ಪಿನ್ನಿನಲ್ಲಿ. ಹ್ಯಾಂಡಲ್ ಸಲೀಸಾಗಿ ಆಡಿ, ರಾಡ್ ಕೈಯಿಂದ ಎಳೆದಾಗ ಬಿಗಿ ಇದ್ದರೆ ಕಾಯಿಲೆ ಲಾಕಿನ ಲಿವರಿನಲ್ಲಿ, ಇಲ್ಲವೇ ರಾಡ್ ಬಗ್ಗಿ ಎಲ್ಲೋ ತಗಡಿಗೆ ಉಜ್ಜುತ್ತಿದೆ. ಎರಡೂ ಸಲೀಸಾಗಿದ್ದರೆ ರಾಡಿನ ಉದ್ದ ಹೆಚ್ಚು ಕಡಿಮೆ ಆಗಿದೆ. ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಸೆಟ್ ಬದಲಿಸಿ ಅನ್ನುವವರು ಈ ಐದು ನಿಮಿಷ ಕೊಟ್ಟಿರೋದಿಲ್ಲ, ಅದೇ ನನಗೆ ಬೇಜಾರು.

ಬ್ಯಾಡಗಿ ಕಡೆಯ ಒಂದು ಗಾಡಿಯ ಲಾಕ್ ಬಿಚ್ಚಿದ್ದು ಈಗಲೂ ಕಣ್ಣ ಮುಂದಿದೆ. ಒಳಗಿನ ಲಿವರ್ ತಿರುಗುವ ರಿವೆಟ್ಟಿನ ಸುತ್ತ ಗ್ರೀಸು, ಖಾರದ ಪುಡಿ, ಅರಳೆಯ ಎಳೆ ಮೂರೂ ಸೇರಿ ಕೆಂಪು ಕಪ್ಪು ಬಣ್ಣದ ಮೇಣ ಆಗಿ ಕೂತಿತ್ತು. ಸ್ಕ್ರೂ ಡ್ರೈವರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಬಂತು, ಒಂದೊಂದು ಚಕ್ಕೆಯಲ್ಲೂ ಹತ್ತಿಯ ಎಳೆ ಹೆಣೆದುಕೊಂಡಿತ್ತು. ಅದರೊಳಗೆ ಲಿವರ್ ಅರ್ಧ ದಾರಿ ಹೋಗಿ ನಿಲ್ಲುತ್ತಿತ್ತು. ಹೊರಗಿನ ಹ್ಯಾಂಡಲ್ಲಿನ ಲಿವರ್ ಬೇರೆ ಕಡೆ ಇದ್ದದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ನಿಮ್ಮದೂ ಹೀಗೇ ಇರಬಹುದು ಅಂತ ಪ್ರಶ್ನೆ ಓದುವಾಗಲೇ ಅನ್ನಿಸಿತು. ಗದಗ ಕಡೆಯ ಗಾಡಿಗಳಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಎರೆ ಮಣ್ಣಿನ ಧೂಳು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಅಂಥ ಬಾಗಿಲುಗಳು ಸಾಲಾಗಿ ಬರುತ್ತವೆ.

ಲಾಕ್ ಸಾಮಾನ್ಯವಾಗಿ ಬಾಗಿಲಿನ ಅಂಚಿನಲ್ಲಿ ಮೂರು ಅಥವಾ ನಾಲ್ಕು ಸ್ಕ್ರೂ ಮೇಲೆ ನಿಂತಿರುತ್ತದೆ. ಆ ಸ್ಕ್ರೂಗಳು ಬಹಳ ಬಿಗಿ. ಸರಿಯಾದ ಸೈಜಿನ ಸ್ಕ್ರೂ ಡ್ರೈವರ್ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟು ಆಮೇಲೆ ತಿರುಗಿಸಿ, ಇಲ್ಲದಿದ್ದರೆ ತಲೆ ತಿಂದುಹೋಗುತ್ತದೆ. ರಾಡುಗಳು ಎಲ್ಲೆಲ್ಲಿ ಕೂತಿವೆ ಅಂತ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿಡಿ. ಲಾಕನ್ನು ಹೊರಗೆ ತೆಗೆದು ಒಂದು ಡಬ್ಬಿಯಲ್ಲಿ ಡೀಸೆಲ್ ಹಾಕಿ ಅರ್ಧ ಗಂಟೆ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಲಿವರುಗಳನ್ನು ಬೆರಳಿನಿಂದ ಆಡಿಸುತ್ತಾ ತೊಳೆಯಿರಿ. ನೀರು ಕಪ್ಪಗೆ ಬರೋ ಹಾಗೆ ಡೀಸೆಲ್ ಕಪ್ಪಾಗುತ್ತದೆ, ಚೆಲ್ಲಿ ಹೊಸದು ಹಾಕಿ, ತಿಳಿಯಾಗುವ ತನಕ. ಹತ್ತಿರ ಬೀಡಿ ಸಿಗರೇಟು ಬೇಡ. ಲಾಕ್ ಬಿಚ್ಚೋಕೆ ಧೈರ್ಯ ಸಾಲದಿದ್ದರೆ ಜಾಗದಲ್ಲೇ ಇಟ್ಟು ಬ್ರಷ್ಷಿನಿಂದ ಮಾಡಬಹುದು, ಸಮಯ ಜಾಸ್ತಿ ಹಿಡಿಯುತ್ತದೆ ಅಷ್ಟೇ.

ಪೂರ್ತಿ ಒಣಗಿದ ಮೇಲೆ ಗ್ರೀಸು. ಇಲ್ಲಿ ಕೈ ಬಿಗಿ ಇರಲಿ. ತಿರುಗುವ ಪಿನ್ನು, ಲಿವರ್ ಉಜ್ಜುವ ಜಾಗ, ಕೊಕ್ಕೆಯ ಮುಖ, ಇಷ್ಟಕ್ಕೆ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಲಾಕ್ ತುಂಬ ಗ್ರೀಸ್ ತುಂಬಿಸಿದರೆ ಧೂಳು ಹಿಡಿಯುವ ಬಲೆ ಮಾಡಿಟ್ಟ ಹಾಗೆ, ಒಂದೇ ಸೀಸನ್ನಿನಲ್ಲಿ ಮತ್ತೆ ಮೇಣ ಆಗುತ್ತದೆ. ಇಂಜಿನ್ನಿನಿಂದ ಇಳಿಸಿದ ಹಳೆ ಆಯಿಲ್ ಅಂತೂ ದಯವಿಟ್ಟು ಹಾಕಬೇಡಿ, ಅದರಲ್ಲೇ ಕಾರ್ಬನ್ ಮಸಿ ತುಂಬಿರುತ್ತದೆ. ಕೀ ಹಾಕುವ ತೂತಿಗೆ ಗ್ರೀಸೂ ಬೇಡ, ಎಣ್ಣೆಯೂ ಬೇಡ, ಒಣ ಗ್ರಾಫೈಟ್ ಪುಡಿ ಒಂದು ಚಿಟಿಕೆ ಸಾಕು.

ಕಾಯಿಲೆ ಹ್ಯಾಂಡಲ್ಲಿನದ್ದೇ ಆಗಿದ್ದರೆ ಅದನ್ನೂ ಹೀಗೇ ನೆನೆಸಿ ಆಡಿಸಿ. ಪಿನ್ನು ಸಡಿಲ ಆಗದಿದ್ದರೆ ಅಥವಾ ಹ್ಯಾಂಡಲ್ಲಿನ ಕಿವಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಹಳೆ ಹ್ಯಾಂಡಲ್ಲುಗಳು ಹೆಚ್ಚಾಗಿ ಜಿಂಕ್ ಎರಕದವು. ವೆಲ್ಡಿಂಗ್ ಅಂಗಡಿಗೆ ಒಯ್ದರೆ ಕರಗಿ ಹೋಗುತ್ತದೆ, ಹೊಂದಿಕೊಳ್ಳೋದಿಲ್ಲ. ರಾಡಿನ ತುದಿ ಕೂರುವ ತೂತು ಸವೆದು ಮೊಟ್ಟೆ ಆಕಾರ ಆಗಿದೆಯಾ ನೋಡಿ. ಕಬ್ಬಿಣದ ಲಿವರಿನಲ್ಲಿ ಹಾಗೆ ಆಗಿದ್ದರೆ ಲಾಕ್ ಬಿಚ್ಚಿ ಹೊರಗೆ ತಂದು, ವೆಲ್ಡ್ ತುಂಬಿಸಿ, ಮತ್ತೆ ಅದೇ ಅಳತೆಗೆ ಡ್ರಿಲ್ ಹೊಡೆಸಬಹುದು. ಬಾಗಿಲಿನೊಳಗೆ ಇಟ್ಟು ವೆಲ್ಡಿಂಗ್ ಬೇಡ.

ನಿಮ್ಮ ಗಾಡಿಯಲ್ಲಿ ರಾಡಿನ ಬದಲು ಕೇಬಲ್ ಇದ್ದರೆ, ಅದು ಸೈಕಲ್ ಬ್ರೇಕಿನ ಕೇಬಲ್ಲಿನ ಹಾಗೇ. ಹೊರಗಿನ ಕವಚ ಹಿಡಿದಿರುವ ಕ್ಲಿಪ್ ಮುರಿದರೆ ಹ್ಯಾಂಡಲ್ ಎಳೆದಾಗ ಕವಚವೂ ಜೊತೆಗೇ ಓಡುತ್ತದೆ, ಲಾಕ್ ತನಕ ಎಳೆತ ತಲುಪೋದಿಲ್ಲ. ಎಳೆ ಬಿಚ್ಚಿಕೊಂಡ ಕೇಬಲ್ಲಿಗೆ ರಿಪೇರಿ ಇಲ್ಲ, ಬದಲಿಸಿ.

ಜೋಡಿಸುವಾಗ ರಾಡಿನ ಉದ್ದ ಸರಿ ಮಾಡೋದನ್ನು ಮರೆಯಬೇಡಿ. ಎಷ್ಟೋ ಗಾಡಿಗಳಲ್ಲಿ ರಾಡಿನ ಒಂದು ತುದಿಗೆ ತಿರುಪಿನ ಗೆರೆ ಕೊರೆದು ನಟ್ ಹಾಕಿರುತ್ತಾರೆ. ಹ್ಯಾಂಡಲ್ ಎಳೆಯುವ ಮೊದಲ ಎರಡು ಮೂರು ಮಿಲಿಮೀಟರ್ ಸಡಿಲ ಇರಬೇಕು, ಆಮೇಲೆ ಭಾರ ಸಿಗಬೇಕು. ಸಡಿಲ ಜಾಸ್ತಿ ಆದರೆ ಹ್ಯಾಂಡಲ್ ಪೂರ್ತಿ ಎಳೆದರೂ ಹಲ್ಲು ಸರಿಯೋದಿಲ್ಲ. ಬಿಗಿ ಜಾಸ್ತಿ ಆದರೆ ಇನ್ನೂ ಅಪಾಯ, ಹಲ್ಲು ಪೂರ್ತಿ ಕೂರದೆ, ಬಾಗಿಲು ಹಾಕಿದ ಹಾಗೆ ಕಂಡರೂ, ಗುಂಡಿಯಲ್ಲಿ ಗಾಡಿ ಎಗರಿದಾಗ ತೆರೆದುಕೊಳ್ಳಬಹುದು. ಸ್ಕ್ರೂ ಡ್ರೈವರ್ ಪರೀಕ್ಷೆಯಲ್ಲಿ ಟಕ್, ಟಕ್ ಎರಡೂ ಸದ್ದು ಸ್ಪಷ್ಟವಾಗಿ ಬಂದ ಮೇಲೆಯೇ ಬಾಗಿಲು ಹಾಕಿ. ಕ್ಲಿಪ್ ಸಿಗದೆ ದಾರಿಯಲ್ಲಿ ಸಿಕ್ಕಿಕೊಂಡರೆ ರಾಡಿನ ತುದಿಗೆ ಒಂದು ತುಂಡು ರಬ್ಬರ್ ಪೈಪ್ ತೂರಿಸಿ ತಂತಿ ಬಿಗಿದು ಊರಿಗೆ ಬರಬಹುದು. ಊರು ಮುಟ್ಟಿದ ಮೇಲೆ ಅದನ್ನು ಬಿಚ್ಚಿ ಸರಿಯಾದ ಕ್ಲಿಪ್ ಹಾಕಿ. ತಾತ್ಕಾಲಿಕ ತಂತಿ ಎರಡು ವರ್ಷ ಓಡಿದ ಗಾಡಿಗಳನ್ನು ನೋಡಿದ್ದೇನೆ, ಆ ತಂತಿ ತುಂಡಾಗೋದು ಬೇಡದ ಹೊತ್ತಿನಲ್ಲೇ.

ಪ್ಯಾನೆಲ್ ಮುಚ್ಚುವ ಮೊದಲು ಬಾಗಿಲಿನ ತಳದ ಅಂಚಿನಲ್ಲಿ ಬೆರಳು ಆಡಿಸಿ. ನೀರು ಹೋಗೋಕೆ ಸಣ್ಣ ಸಣ್ಣ ತೂತು ಇರುತ್ತವೆ. ಮಣ್ಣು, ಜೋಳದ ಹೊಟ್ಟು ಸೇರಿ ಮುಚ್ಚಿರುತ್ತವೆ. ಹಳೆ ತಂತಿಯಿಂದ ಚುಚ್ಚಿ ಬಿಡಿಸಿ. ಮೂರು ತಿಂಗಳಿಂದ ಗಾಜು ಇಳಿಸಿಯೇ ಓಡಾಡಿದ್ದೀರಿ, ಧೂಳು ನೀರು ಎರಡೂ ಜಾಸ್ತಿ ಇಳಿದಿರುತ್ತವೆ. ಆ ನೀರು ಅಲ್ಲೇ ನಿಂತರೆ ಬಾಗಿಲು ಒಳಗಿನಿಂದ ಜಂಗು ಹಿಡಿಯುತ್ತದೆ, ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ತಳ ಹೋಗಿರುತ್ತದೆ. ಅಂಕೋಲಾ, ಕಾರವಾರದ ಕಡೆ ಟ್ರಿಪ್ ಇದ್ದರೆ ಉಪ್ಪು ಗಾಳಿಗೆ ಇನ್ನೂ ಬೇಗ.

ಈಗ ಜೋತು ಬಿದ್ದ ಬಾಗಿಲಿನ ವಿಷಯ. ಬಾಗಿಲು ತೆಗೆದು, ಹಿಂದಿನ ತುದಿಯನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ನೋಡಿ. ಕಟಕ್ ಅಂತ ಆಡಿದರೆ ಕೀಲಿನ ಪಿನ್ನು, ಬುಷ್ ಸವೆದಿವೆ. ಮೊದಲು ಅವನ್ನು ಬದಲಿಸಿ, ಸ್ಟ್ರೈಕರ್ ಕಡೆ ಕೈ ಹಾಕೋದು ಆಮೇಲೆ. ಪಿನ್ನು ಸರಿ ಇದ್ದೂ ಕೊಕ್ಕೆ ಒತ್ತುತ್ತಿದ್ದರೆ, ಸ್ಟ್ರೈಕರ್ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಸ್ಕ್ರೂ ಸ್ವಲ್ಪ ಸಡಿಲಿಸಿ, ಒಂದು ಮಿಲಿಮೀಟರ್ ಸರಿಸಿ ನೋಡಿ. ಗೆರೆ ಇದ್ದರೆ ತಪ್ಪಿದರೂ ವಾಪಸ್ ಮೊದಲಿನ ಜಾಗಕ್ಕೆ ಬರಬಹುದು. ಗಾಡಿ ಹತ್ತುವಾಗ ಬಾಗಿಲಿಗೆ ಜೋತುಬೀಳಬಾರದು, ಕ್ಯಾಬಿನ್ನಿನ ಹಿಡಿ ಹಿಡಿದು ಹತ್ತಬೇಕು ಅಂತ ತಮ್ಮನಿಗೂ ಕ್ಲೀನರಿಗೂ ಹೇಳಿ. ಹಳೆ ಗಾಡಿಗಳ ಕೀಲು ಹೆಚ್ಚಾಗಿ ಹೋಗೋದೇ ಹಾಗೆ.

ಸೆಟ್ ಬದಲಿಸಲೇಬೇಕಾದ ಸಂದರ್ಭವೂ ಇದೆ. ಕೊಕ್ಕೆಯ ಮೂತಿ ಸವೆದು ದುಂಡಾಗಿದ್ದರೆ, ಸ್ಪ್ರಿಂಗು ತುಂಡಾಗಿದ್ದರೆ, ತೊಳೆದ ಮೇಲೂ ಎರಡನೇ ಟಕ್ ಸದ್ದು ಬರದಿದ್ದರೆ ದುಡ್ಡಿನ ಮುಖ ನೋಡಬೇಡಿ, ಬದಲಿಸಿ. ಆಗ ಹಳೆ ಲಾಕನ್ನು ಕೈಯಲ್ಲಿ ಹಿಡಿದುಕೊಂಡೇ ಹುಬ್ಬಳ್ಳಿಯ ಸ್ಪೇರ್ ಅಂಗಡಿಗೆ ಹೋಗಿ. ಎಡ, ಬಲ ಬೇರೆ ಬೇರೆ ಇರುತ್ತವೆ. ಸ್ಕ್ರೂ ತೂತಿನ ಅಂತರ, ಲಿವರ್ ತಿರುಗುವ ದಿಕ್ಕು ಎರಡನ್ನೂ ಹಳೆಯದರ ಪಕ್ಕ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.

ನಿಮ್ಮ ಗಾಡಿಗೆ ಎಂಟು ವರ್ಷ ದಾಟಿ ಬಹಳ ಕಾಲ ಆಯಿತು, ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಹೋಗಲೇಬೇಕು. ಅದಕ್ಕೆ ತಯಾರಿ ಮಾಡುವಾಗ ಎರಡೂ ಬಾಗಿಲಿನ ಲಾಕ್ ಒರೆಸಿ ಗ್ರೀಸ್ ಹಚ್ಚೋದನ್ನು ಸೇರಿಸಿಕೊಳ್ಳಿ. ಈ ಸಲವೂ ಡ್ರೈವರ್ ಕಡೆ ಮುಗಿದ ಕೂಡಲೇ ಸಾಮಾನು ಎತ್ತಿಡಬೇಡಿ. ಕ್ಲೀನರ್ ಕಡೆಯ ಬಾಗಿಲೂ ಅಷ್ಟೇ ಧೂಳು ಕುಡಿದಿದೆ, ಅದನ್ನೂ ಬಿಚ್ಚಿ ತೊಳೆಯಿರಿ. ಎಲ್ಲ ಜೋಡಿಸಿದ ಮೇಲೆ ತಮ್ಮನನ್ನು ಸೀಟಿನಲ್ಲಿ ಕೂರಿಸಿ, ನೀವು ಹೊರಗೆ ನಿಲ್ಲಿ. ಗಾಜು ಪೂರ್ತಿ ಮೇಲೆತ್ತಿ, ಬಾಗಿಲು ಹಾಕಿಕೊಂಡು, ಒಳಗಿನಿಂದ ಹತ್ತು ಸಲ ತೆಗೆಯಲಿ. ಹತ್ತಕ್ಕೆ ಹತ್ತು ಸಲ ಒಂದೇ ಬೆರಳಿನ ಎಳೆತಕ್ಕೆ ಬಂದರೆ ಗಾಡಿಯನ್ನು ಲೋಡಿಗೆ ಹಚ್ಚಿ. ಒಂದು ಸಲ ತಡವರಿಸಿದರೂ ಪ್ಯಾನೆಲ್ ಮತ್ತೆ ಬಿಚ್ಚಿ, ರಾಡಿನ ನಟ್ ಅರ್ಧ ಸುತ್ತು ತಿರುಗಿಸಿ ನೋಡಿ.